ನಲ್ಲಂಪಳ್ಳಿಯ ಲಕ್ಷ್ಮಕ್ಕನೂ ಸೌದಿಯ ಕುರಿಗಳೂ

ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಧರ್ಮಪುರಿ ಸೀಮೆಯ ನಲ್ಲಂಪಳ್ಳಿ. ಅಲ್ಲಿನ ಬಸ್‌ಸ್ಟಾಪಿನ ಪಕ್ಕದಲ್ಲೇ ಲಕ್ಷ್ಮಕ್ಕನ ಟೈಲರ್ ಅಂಗಡಿ. ಒಂದು ಹೊಲಿಗೆ ಮಿಷನ್ನು, ಒಂದು ಬೆಂಚು, ಗೋಡೆಗೊಂದು ಕನ್ನಡಿ, ಇಷ್ಟೇ. ಆದರೆ ಅಲ್ಲಿಗೆ ಹೋದ ಮಕ್ಕಳು ಯಾರೂ ಸುಮ್ಮನೆ ಅಳತೆ ಕೊಟ್ಟು ಬಂದದ್ದಿಲ್ಲ. ಹೆಗಲ ಮೇಲಿನ ಟೇಪು ಕೆಳಗಿಳಿಯುವ ಮೊದಲೇ ವಿಚಾರಣೆ ಶುರುವಾಗುತ್ತದೆ. ಯಾವ ಕ್ಲಾಸು, ಯಾವ ಗ್ರೂಪು, ಮಾರ್ಕು ಎಷ್ಟು, ಅಪ್ಪ ಎಲ್ಲಿ. ಅಪ್ಪ ಊರಲ್ಲೇ ಇದ್ದಾನೆ ಎಂದರೆ ಸೊಂಟದ ಅಳತೆ ಬರೆದುಕೊಂಡು ಕಳಿಸುತ್ತಾಳೆ. ಅಪ್ಪ ಕುವೈತಲ್ಲೋ ಮಲೇಷಿಯಾದಲ್ಲೋ ಇದ್ದಾನೆ ಎಂದರೆ ಮುಗಿಯಿತು. ಟೇಪು ಅಲ್ಲೇ ಬಿಟ್ಟು, ಮಗುವನ್ನು ಬೆಂಚಿನ ಮೇಲೆ ಕೂರಿಸಿ, ಎದುರಿನ ಅಂಗಡಿಯಿಂದ ಟೀ ತರಿಸುತ್ತಾಳೆ.

ಊರವರು ಅವಳನ್ನು ಸ್ಕಾಲರ್‌ಶಿಪ್ ಅಕ್ಕ ಎಂದು ಕರೆಯುವುದು ಅರ್ಧ ತಮಾಷೆಗೆ, ಅರ್ಧ ಮರ್ಯಾದೆಗೆ. ಹೊರದೇಶದಲ್ಲಿ ದುಡಿಯುವವರ ಮಕ್ಕಳ ಕಾಲೇಜು ಓದಿಗೆ ಯಾರು ಎಲ್ಲಿ ಏನು ಕೊಡುತ್ತಾರೆ ಎನ್ನುವುದೇ ಅವಳ ತಲೆ ತುಂಬ. ಸರ್ಕಾರದ್ದಿರಲಿ, ಸಂಘದ್ದಿರಲಿ, ಯಾರೋ ಪುಣ್ಯಾತ್ಮರದ್ದಿರಲಿ, ಸುದ್ದಿ ಕಿವಿಗೆ ಬಿದ್ದರೆ ಸಾಕು, ಅವಳು ಮಿಷನ್ನಿನ ಮೇಲೆ ಬಟ್ಟೆ ಹಾಗೇ ಬಿಟ್ಟು ಧರ್ಮಪುರಿ ಬಸ್ ಹತ್ತುತ್ತಾಳೆ. ಇಂಗ್ಲಿಷು ಅವಳಿಗೆ ಅಷ್ಟಕ್ಕಷ್ಟೆ. ಅದಕ್ಕೇನು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಕೈಗೆ ಫೋನು ಕೊಟ್ಟು ಓದಿಸುತ್ತಾಳೆ. ಒಮ್ಮೆ ಕಂಡಕ್ಟರನೇ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಪೂರಾ ಓದಿ ಅರ್ಥ ಹೇಳಿದ್ದ. ಹಿಂದೆ ನಿಂತಿದ್ದವರು ಬೈದರು. ಲಕ್ಷ್ಮಕ್ಕ ಅವರಿಗೂ ಅರ್ಥ ಹೇಳಿದಳು.

ಈ ಹುಚ್ಚು ಹತ್ತಿದ್ದಕ್ಕೆ ಒಂದು ಕಾರಣವಿದೆ. ಅವಳ ಗಂಡ ಅಪ್ಪಯ್ಯ ಮಸ್ಕತ್ತಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಒಬ್ಬಳೇ ಮಗಳು ಸತ್ಯಾ ಪ್ಲಸ್ ಟುನಲ್ಲಿ ಸ್ಕೂಲಿಗೇ ಮೊದಲು ಬಂದಿದ್ದಳು. ಆ ವರ್ಷವೇ ಅಪ್ಪಯ್ಯನಿಗೆ ಸಂಬಳ ಸರಿಯಾಗಿ ಬರಲಿಲ್ಲ. ಕಾಲೇಜಿನ ಮಾತು ಹಿಂದೆ ಬಿತ್ತು. ಹೊರದೇಶದಲ್ಲಿರುವವರ ಮಕ್ಕಳಿಗೆ ಅಂತಲೇ ಒಂದು ಸ್ಕಾಲರ್‌ಶಿಪ್ ಇದೆ ಎಂದು ಯಾರೋ ಬಂದು ಹೇಳಿದ್ದು ಕೊನೆಯ ದಿನ ಕಳೆದ ಮೇಲೆ. ಸತ್ಯಾ ಅಳಲಿಲ್ಲ, ಜಗಳವಾಡಲಿಲ್ಲ. ಮದುವೆಯಾಗಿ ಕೊಳತ್ತೂರಿಗೆ ಹೋದಳು. ಗಂಡ ಮೆಟ್ಟೂರು ಅಣೆಕಟ್ಟಿನ ನೀರಿನಲ್ಲಿ ಬಲೆ ಹಾಕುತ್ತಾನೆ, ಇವಳು ಬಸ್‌ಸ್ಟ್ಯಾಂಡಿನ ಹತ್ತಿರ ಮೀನು ಮಾರುತ್ತಾಳೆ. ಒಳ್ಳೆಯ ಹುಡುಗ, ಬಾಯ್ತುಂಬ ನಗುವ ಮನೆ, ಕೊರತೆ ಅಂತ ಏನೂ ಇಲ್ಲ. ಆದರೂ ತಾಯಿ ಮಗಳ ನಡುವೆ ಕಾಲೇಜು ಎನ್ನುವ ಪದ ಮತ್ತೆ ಬರಲಿಲ್ಲ. ಗೊತ್ತಿರಲಿಲ್ಲವಲ್ಲ ಎನ್ನುವುದೊಂದು ಲಕ್ಷ್ಮಕ್ಕನ ಎದೆಯಲ್ಲಿ ಹಾಗೇ ಕೂತಿದೆ. ಬೇರೆ ಯಾರ ಮನೆಯಲ್ಲೂ ಆ ಮಾತು ಹುಟ್ಟಬಾರದು ಎಂದು ಅವಳು ಊರೂರು ತಿರುಗುತ್ತಾಳೆ.

ಈ ಸಲ ಬೆಂಚಿನ ಮೇಲೆ ಕೂತವಳು ಮುನಿಲಕ್ಷ್ಮಿ. ನಲ್ಲಂಪಳ್ಳಿಯಿಂದ ಮೇಲಕ್ಕೆ, ಕಲ್ಲುಗುಡ್ಡದ ಬುಡದಲ್ಲಿರುವ ಕುರಿಗಾರರ ಹಟ್ಟಿಯ ಹುಡುಗಿ. ಅಪ್ಪ ಸಣ್ಣಯ್ಯ ಸೌದಿಯಲ್ಲಿದ್ದಾನೆ. ಇಲ್ಲಿ ಕುರಿ ಮೇಯಿಸುತ್ತಿದ್ದವನು ಅಲ್ಲೂ ಕುರಿಯನ್ನೇ ಮೇಯಿಸುತ್ತಾನೆ, ನಡುವೆ ಒಂದು ವಿಮಾನ ಹತ್ತಿ ಇಳಿದ ಅಷ್ಟೆ. ಹುಡುಗಿಗೆ ಗಣಿತದಲ್ಲಿ ನೂರಕ್ಕೆ ನೂರು. ಸೇಲಂನ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಲು ಸೀಟೂ ಸಿಕ್ಕಿದೆ. ಸೋಮವಾರದೊಳಗೆ ಫೀಸು, ಹಾಸ್ಟೆಲ್ಲು ಎರಡೂ ಕಟ್ಟದಿದ್ದರೆ ಸೀಟು ಇನ್ನೊಬ್ಬರ ಪಾಲು.

ಆ ಓದು ಎಂಥದ್ದು ಎಂದು ಮುನಿಲಕ್ಷ್ಮಿಯ ತಾಯಿಗೆ ತಿಳಿಸುವಷ್ಟರಲ್ಲಿ ಲಕ್ಷ್ಮಕ್ಕನಿಗೆ ಸಾಕುಸಾಕಾಗಿತ್ತು. ಆ ಹಟ್ಟಿಯಲ್ಲಿ ಒಂದು ಕಟ್ಟುಪಾಡಿದೆ. ಕುರಿಯನ್ನು ಎಣಿಸಬಾರದು, ಎಣಿಸಿದರೂ ಲೆಕ್ಕವನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ದೃಷ್ಟಿಯಾಗಿ ಮಂದೆ ಬಡವಾಗುತ್ತದೆ. ಎಷ್ಟು ಕುರಿ ಇವೆ ಎಂದು ಯಾರಾದರೂ ಕೇಳಿದರೆ, ಇದ್ದಷ್ಟು ಐತೆ ಎಂದು ಮುಖ ತಿರುಗಿಸುತ್ತಾರೆ. ಅಂಥ ಮನೆಯ ಹುಡುಗಿ ಎಣಿಕೆಯ ಓದಿಗೆ ಹೊರಟಿದ್ದಳು.

"ಅಂಗಂದ್ರೆ ಅಲ್ಲಿ ಏನ್ ಎಣಿಸ್ತಾರೆ ಲಕ್ಷ್ಮಕ್ಕ?" ಎಂದು ತಾಯಿ ಕೇಳಿದ್ದಳು.

"ಎಲ್ಲಾನೂ. ಜನ, ಮನೆ, ಮಳೆ, ಬೆಳೆ."

"ಕುರೀನೂವಾ?"

"ಕುರಿ ಬಿಟ್ಟು ಮಿಕ್ಕಿದ್ದೆಲ್ಲಾ ಎಣಿಸ್ತಾಳೆ, ಸುಮ್ಕಿರವ್ವ" ಎಂದು ಲಕ್ಷ್ಮಕ್ಕ ಹುಡುಗಿಯ ಪರವಾಗಿ ತಾನೇ ಮಾತು ಕೊಟ್ಟು ಬಂದಿದ್ದಳು.

ಸೇಲಂನಲ್ಲಿ ಒಂದು ಟ್ರಸ್ಟ್ ಇದೆ ಎಂದು ಅವಳು ಪತ್ತೆ ಹಚ್ಚಿದ್ದು ಆಮೇಲೆ. ಗಲ್ಫಿನಲ್ಲಿ ದುಡಿದು ವಾಪಸು ಬಂದ ಕೆಲವರು ಸೇರಿ, ಈಗ ಅಲ್ಲಿ ದುಡಿಯುತ್ತಿರುವವರ ಮಕ್ಕಳ ಕಾಲೇಜು ಖರ್ಚು ಪೂರಾ ನೋಡಿಕೊಳ್ಳುತ್ತಾರಂತೆ. ಶುಕ್ರವಾರ ಬನ್ನಿ, ಮಾತಾಡಿಸಿ ಅಲ್ಲೇ ತೀರ್ಮಾನ ಹೇಳುತ್ತೇವೆ ಎಂದು ಫೋನು ಬಂದಾಗ ಲಕ್ಷ್ಮಕ್ಕ ಅಂಗಡಿಯಿಂದ ಹಟ್ಟಿಯವರೆಗೆ ಓಡಿಕೊಂಡೇ ಹೋದಳು. ಚಪ್ಪಲಿ ದಾರಿಯಲ್ಲೇ ಉಳಿದದ್ದು ಅವಳಿಗೆ ಗೊತ್ತಾಗಿದ್ದು ಮರಳಿ ಬರುವಾಗ. ಹುಡುಗಿಗೆ ಹೊಸ ಚೂಡಿದಾರ್ ಹೊಲಿದಳು. ಅದಕ್ಕಿಂತ ಹೆಚ್ಚಾಗಿ ಮಾತು ಹೊಲಿದಳು.

"ಅಲ್ಲಿ ಓಗಿ ಕುರಿ ಗಿರಿ ಅನ್ಬ್ಯಾಡ. ಅಪ್ಪ ಏನ್ ಮಾಡ್ತಾರೆ ಅಂದ್ರೆ ಲೈವ್‌ಸ್ಟಾಕ್ ಸೂಪರ್‌ವೈಸರ್ ಅನ್ನು. ಕನ್ನಡ ಬಾಯಿಗ್ ಬರ್ಬಾರ್ದು. ತಮಿಳು, ನಡುನಡುವೆ ಇಂಗ್ಲಿಷು. ತಿಳೀತಾ?"

"ನಮ್ಮಪ್ಪ ಕುರಿ ತಾನೆ ಅತ್ತೆ ಮೇಸೋದು?"

"ಮೇಸ್ಲಿ ಕಣವ್ವ. ಕುರಿಗಾರ್ರ ಮಗ್ಳಿಗೆ ಕಾಲೇಜ್ ಯಾಕೆ ಅಂತಾರೆ ಜನ. ಸೂಪರ್‌ವೈಸರ್ ಮಗ್ಳು ಅಂದ್ರೆ ಕುರ್ಚಿ ಆಕ್ತಾರೆ."

ಮುನಿಲಕ್ಷ್ಮಿ ತಲೆಯಾಡಿಸಿದಳು. ಮಾತು ಕಡಿಮೆಯ ಹುಡುಗಿ ಅವಳು. ಆದರೆ ಸಂಜೆ ಹೊತ್ತು ಹಟ್ಟಿಯ ಬಂಡೆಯ ಮೇಲೆ ನಿಂತು ಕುರಿಗಳನ್ನು ಕರೆಯುವಾಗ ಅವಳ ಗಂಟಲು ಕೆಳಗಿನ ರಸ್ತೆಯವರೆಗೂ ಕೇಳುತ್ತದೆ. ಅಲ್ಲಿ ಒಂದೊಂದು ಮನೆಗೆ ಒಂದೊಂದು ಕೂಗು. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಟುರ್ರ್ ಎಂದು ಎಳೆದು, ಕೊನೆಗೆ ಮೂರು ಸಲ ಬೋ ಎನ್ನುವುದು ಸಣ್ಣಯ್ಯನ ಮನೆಯ ಕೂಗು. ಪಕ್ಕದ ಮನೆಯ ಕುರಿ ಅದಕ್ಕೆ ಕಿವಿಯನ್ನೂ ಆಡಿಸುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಸೇಲಂ ತಲುಪಿದರು. ಕುರಿ ಬಿಟ್ಟು ಬರಲಾಗದೆ ತಾಯಿ ಹಟ್ಟಿಯಲ್ಲೇ ಉಳಿದಿದ್ದಳು. ಟ್ರಸ್ಟಿನ ರೂಮು ಅಮ್ಮಾಪೇಟೆಯ ಒಂದು ಬೀದಿಯಲ್ಲಿ, ನೇಯುವವರ ಮನೆಯ ಮಹಡಿ ಮೇಲೆ. ಕೆಳಗೆ ಮಗ್ಗದ ಲಟಕ್ ಪಟಕ್ ನಿಲ್ಲದೆ ಕೇಳುತ್ತಿತ್ತು. ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವಿನವರು ರಾಜಗೋಪಾಲ್, ದುಬೈಯಲ್ಲಿ ಬಹಳ ವರ್ಷ ಇದ್ದು ಬಂದವರು, ಟ್ರಸ್ಟಿಗೆ ಅವರದೇ ಹಿರಿತನ. ಲಕ್ಷ್ಮಕ್ಕನ ಎದೆ ಆ ಮಗ್ಗಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಭಯಕ್ಕಲ್ಲ, ಖುಷಿಗೆ. ಹೊರಗೆ ಬೆಂಚಿನ ಮೇಲೆ ಇನ್ನೂ ಹತ್ತಾರು ಮಕ್ಕಳು ಕೂತಿದ್ದರೂ ಇವಳಿಗೆ ಮುನಿಲಕ್ಷ್ಮಿ ಆಗಲೇ ಹಾಸ್ಟೆಲ್ಲಿಗೆ ಪೆಟ್ಟಿಗೆ ಹೊತ್ತು ನಡೆದಂತೆ ಕಾಣುತ್ತಿತ್ತು.

ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಮಾರ್ಕು ಕೇಳಿದರು, ಯಾವ ಓದು ಎಂದು ಕೇಳಿದರು, ಓದಿ ಏನು ಮಾಡುತ್ತೀ, ಫೀಸಿಗೆ ಕೊನೆಯ ದಿನ ಯಾವತ್ತು ಎಂದು ಕೇಳಿದರು. ಮುನಿಲಕ್ಷ್ಮಿ ಒಂದಕ್ಕೂ ತಡವರಿಸಲಿಲ್ಲ. ಅಪ್ಪನ ಕೆಲಸ ಕೇಳಿದಾಗ ಲೈವ್‌ಸ್ಟಾಕ್ ಸೂಪರ್‌ವೈಸರ್ ಎಂದಳು. ಲಕ್ಷ್ಮಕ್ಕ ಹಿಂದಿನ ಕುರ್ಚಿಯಲ್ಲಿ ಮೆಲ್ಲಗೆ ಮಂಡಿ ತಟ್ಟಿಕೊಂಡಳು.

"ಒಳ್ಳೇದು. ನಿಮ್ಮಪ್ಪನಿಗೆ ಒಂದು ವಿಡಿಯೋ ಕಾಲ್ ಮಾಡಮ್ಮ" ಎಂದರು ರಾಜಗೋಪಾಲ್. ಎಲ್ಲರ ಕೈಲೂ ಮಾಡಿಸುತ್ತಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ ಎಂದೂ ಸೇರಿಸಿದರು. ಹಿಂದಿನ ವರ್ಷ ಒಬ್ಬ ಊರಲ್ಲೇ ಇದ್ದುಕೊಂಡು ದುಬೈಯಲ್ಲಿದ್ದೇನೆ ಎಂದು ಮಗನಿಗೆ ದುಡ್ಡು ಪಡೆದಿದ್ದನಂತೆ.

ಫೋನಿನಲ್ಲಿ ಸಣ್ಣಯ್ಯನ ಮುಖ ಬಂತು. ತಲೆಗೆ ಸುತ್ತಿದ ಬಟ್ಟೆ, ಹುಬ್ಬಿನ ಮೇಲೆ ಧೂಳು, ಹಿಂದೆ ಒಂದು ನೀರಿನ ಟ್ಯಾಂಕು, ಅದರಾಚೆ ಬರೀ ಆಕಾಶ. ಸಿಗ್ನಲ್ ಸಿಗುವುದು ಆ ದಿಬ್ಬದ ಮೇಲೊಂದೇ ಕಡೆ. ಏನು ಕೆಲಸ ಎಂದು ರಾಜಗೋಪಾಲ್ ಕೇಳಿದರು.

"ಆಡು ಮೇಯ್ಕ್ರೇನ್ ಸಾರ್" ಎಂದ ಸಣ್ಣಯ್ಯ. ಕುರಿ ಮೇಯಿಸುತ್ತೇನೆ ಎಂದು ನೇರವಾಗಿ ಹೇಳಿಬಿಟ್ಟ. ಮೇಜಿನ ಹಿಂದಿನ ಮೂವರೂ ಒಮ್ಮೆ ಹುಡುಗಿಯ ಕಡೆ ನೋಡಿದರು. ಸೂಪರ್‌ವೈಸರ್ ಎಂದಿದ್ದಳಲ್ಲ ಎನ್ನುವ ನೋಟ ಅದು. ಲಕ್ಷ್ಮಕ್ಕ ಮಂಡಿ ಮೇಲಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹುಡುಗಿಗೆ ಪಾಠ ಹೇಳಿದವಳು ಅಪ್ಪನಿಗೆ ಒಂದು ಮಾತು ತಿಳಿಸಿರಲಿಲ್ಲ.

"ಎಷ್ಟು ಕುರಿ?" ಎಂದರು ರಾಜಗೋಪಾಲ್.

"ಇರುಕ್ಕು ಸಾರ್." ಇದಾವೆ ಎಂದಷ್ಟೇ.

"ಇವೆ, ಸರಿ. ಎಷ್ಟು? ನೂರಾ, ಇನ್ನೂರಾ?"

ಮಗಳ ಓದಿನ ಮಾತು ಎನ್ನುವುದು ಸಣ್ಣಯ್ಯನಿಗೂ ಗೊತ್ತಿತ್ತು. ಆದರೂ, ಇರುವುದು ಇದೆ ಸಾರ್ ಎಂದು ಕಣ್ಣು ಕೆಳಗೆ ಮಾಡಿದ. ರಾಜಗೋಪಾಲ್ ಪೆನ್ನು ಕೆಳಗಿಟ್ಟರು. ಪಕ್ಕದವರು ಅವರ ಕಿವಿಯಲ್ಲಿ ಏನೋ ಹೇಳಿದರು. ದಿನವೂ ಮೇಯಿಸುವವನಿಗೆ ಎಷ್ಟು ಕುರಿ ಎನ್ನುವುದೇ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ. ಮಗಳು ಒಂದು ಹೇಳುತ್ತಾಳೆ, ಅಪ್ಪ ಇನ್ನೊಂದು. ಒಂದು ಟ್ಯಾಂಕು, ಒಂದಿಷ್ಟು ಆಕಾಶ ಎಲ್ಲಿ ಬೇಕಾದರೂ ಸಿಗುತ್ತದೆ.

"ಮತ್ತೆ ಹೇಳಿ ಕಳಿಸ್ತೀವಿ" ಎಂದರು ರಾಜಗೋಪಾಲ್. ಮತ್ತೆ ಎಂದರೆ ಸೋಮವಾರ ಕಳೆದ ಮೇಲೆ. ಅದು ಲಕ್ಷ್ಮಕ್ಕನಿಗೆ ಚೆನ್ನಾಗಿ ಅರ್ಥವಾಯಿತು.

ಅವಳು ಎದ್ದು ನಿಂತಳು. ಸತ್ಯಾಳ ವಿಷಯದಲ್ಲಿ ಗೊತ್ತಿರಲಿಲ್ಲ ಎನ್ನಬಹುದಿತ್ತು. ಈ ಹುಡುಗಿಯ ವಿಷಯದಲ್ಲಿ ಅದನ್ನೂ ಹೇಳುವಂತಿಲ್ಲ. ಎಲ್ಲ ಗೊತ್ತಿದ್ದೂ ತನ್ನ ಕೈಯಾರೆ ಕೆಡಿಸಿದ್ದಾಗಿತ್ತು. ಬಾಯಿ ತೆರೆದರೆ ತಮಿಳು ಬರಲೇ ಇಲ್ಲ.

"ಸಾರ್, ಉಡ್ಗೀದು ತಪ್ಪಿಲ್ಲ. ಸೂಪರ್‌ವೈಸರ್ ಅನ್ನು ಅಂತ ಏಳ್ಕೊಟ್ಟೋಳು ನಾನೇ. ಅವ್ರಪ್ಪ ಸುಳ್ಳು ಏಳಲ್ಲ ಸಾರ್. ಅವ್ರಲ್ಲಿ ಕುರಿ ಲೆಕ್ಕ ಬಾಯ್ಬಿಟ್ಟು ಏಳ್ಬಾರ್ದು, ದೃಷ್ಟಿ ಆಯ್ತದೆ. ಮಗ್ಳ ಸೀಟ್ ಓದ್ರೂ ಏಳಲ್ಲ."

ರಾಜಗೋಪಾಲ್ ಹುಬ್ಬೇರಿಸಿದರು. "ನೀವು ಕನ್ನಡದೋರಾ?" ಎಂದು ಕನ್ನಡದಲ್ಲೇ ಕೇಳಿದರು. ಕೆಳಗೆ ನೇಯುತ್ತಿರುವುದು ಅವರ ಅಣ್ಣನ ಮಗ್ಗ, ಮನೆಯ ಒಳಗೆ ಅವರದೂ ಅದೇ ಮಾತು. "ಅಲ್ಲಮ್ಮ, ನಾವು ನೇಯೋರು ಸೀರೆ ಎಣಿಸ್ದೆ ಯಾವತ್ತೂ ಕೊಟ್ಟೋರಲ್ಲ. ಕುರಿ ಎಣಿಸ್ಬಾರ್ದು ಅನ್ನೋದು ನಾನು ಕೇಳಿಲ್ಲ. ನಂಬೋಕೆ ನಂಗೂ ಆಸೆ ಐತೆ. ಆದ್ರೆ ಹೊರಗೆ ಕೂತಿರೋ ಮಕ್ಕಳಿಗೆ ನಾನೇನು ಹೇಳ್ಲಿ? ಅವ್ರೆಲ್ಲ ಕೇಳಿದ್ದಕ್ಕೆ ಉತ್ತರ ಕೊಟ್ಟವ್ರೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಲಕ್ಷ್ಮಕ್ಕನಿಗೆ ಕಷ್ಟವಾಗಿದ್ದು. ಬೈಯೋಣವೆಂದರೆ ಬೈಯಲು ಯಾರೂ ಇಲ್ಲ.

ಆಗ ಮುನಿಲಕ್ಷ್ಮಿ ಎದ್ದಳು. ಯಾರನ್ನೂ ಕೇಳದೆ ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡಳು.

"ಅಪ್ಪ, ಮಂದೆ ಎಲ್ಲೈತೆ?"

"ಕೆಳಗಡೆ ಐತವ್ವ. ಪೂರಾ ಆ ಕಡೆಗೆ ಓಗ್ಬಿಟ್ಟೈತೆ."

"ಪದ ಕೇಳ್ತೀಯಲ್ಲ, ಆ ಸ್ಪೀಕರ್ ಐತಾ?"

ಸಣ್ಣಯ್ಯನ ಕೊರಳಲ್ಲಿ ದಾರಕ್ಕೆ ಕಟ್ಟಿದ, ಫೋನಿನ ಸದ್ದನ್ನು ಜೋರಾಗಿಸುವ ಅಂಗೈಯಗಲದ ಸ್ಪೀಕರು ತೂಗುತ್ತಿತ್ತು. ದಿನವಿಡೀ ಅದರಲ್ಲಿ ಹಾಡು ಹಾಕಿಕೊಂಡೇ ಅವನು ಮೇಯಿಸುವುದು.

"ಅದನ್ನ ಜೋರಾಗಿಡು. ಫೋನ್ ಮಂದೆ ಕಡೀಕೆ ತಿರುಗ್ಸು. ನೀನು ಮಾತಾಡ್ಬ್ಯಾಡ."

ಪರದೆ ತಿರುಗಿತು. ಬಿಳಿ ಬಿಸಿಲು, ಕಂದು ನೆಲ, ಬಲು ದೂರದಲ್ಲಿ ನೆಲಕ್ಕೆ ಅಂಟಿದಂತೆ ಒಂದು ಮಸುಕು. ಅದು ಕುರಿಯೋ ಕಲ್ಲೋ ಹೇಳುವಂತಿರಲಿಲ್ಲ. ಮುನಿಲಕ್ಷ್ಮಿ ಚೂಡಿದಾರಿನ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ಹಟ್ಟಿಯ ಬಂಡೆಯ ಮೇಲೆ ನಿಲ್ಲುವಂತೆ ಕಾಲು ಅಗಲಿಸಿ ನಿಂತು ಕೂಗಿದಳು.

ಟುರ್ರ್ ಎನ್ನುವುದು ಆ ರೂಮಿನ ನಾಲ್ಕೂ ಗೋಡೆಗೆ ಬಡಿಯಿತು. ಬೋ, ಬೋ, ಬೋ. ಹೊರಗೆ ಬೆಂಚಿನ ಮೇಲಿದ್ದ ಮಕ್ಕಳು ಬಾಗಿಲಿಗೆ ಬಂದು ಇಣುಕಿದರು. ಕೆಳಗೆ ಮಗ್ಗ ನಿಂತಿತು.

ಮೊದಲು ಏನೂ ಆಗಲಿಲ್ಲ. ಹುಡುಗಿ ಇನ್ನೊಮ್ಮೆ ಕೂಗಿದಳು, ಈ ಸಲ ಇನ್ನೂ ಎಳೆದು.

ಆ ಮಸುಕಿನ ಒಂದು ಅಂಚು ಅಲುಗಿತು. ಆಮೇಲೆ ಇನ್ನೊಂದು ಅಂಚು. ನೋಡುನೋಡುತ್ತಿದ್ದಂತೆ ಅದಕ್ಕೆ ಕಾಲು ಮೂಡಿತು, ತಲೆ ಮೂಡಿತು. ಪೂರಾ ಮಂದೆ ದಿಬ್ಬದ ಕಡೆ ತಿರುಗಿ ನಡೆಯತೊಡಗಿತು. ನಡೆದದ್ದು ಓಟವಾಯಿತು. ಧೂಳೆದ್ದಿತು. ಬಂದವೇ ಬಂದವು, ಉದ್ದ ಕಿವಿಯ, ದಪ್ಪ ಬಾಲದ, ಆ ಹುಡುಗಿಯನ್ನು ಹುಟ್ಟಿದಾಗಿನಿಂದ ನೋಡದ ಅರಬ್ಬರ ಕುರಿಗಳು. ನಲ್ಲಂಪಳ್ಳಿಯ ಗುಡ್ಡದ ಮೇಲೆ ಮುತ್ತಾತನ ಕಾಲದಿಂದ ಕೂಗಿಕೊಂಡು ಬಂದ ಕೂಗಿಗೆ ಅವು ಓಡಿ ಬಂದವು. ಪರದೆ ತುಂಬ ಮೂತಿಗಳು ನುಗ್ಗಿದವು. ಒಂದು ಕುರಿ ಫೋನನ್ನೇ ನೆಕ್ಕಿತು. ಆ ಮೂತಿಗಳ ಸಂದಿಯಲ್ಲಿ ಎಲ್ಲೋ ಸಣ್ಣಯ್ಯ ನಗುತ್ತಿದ್ದ, ಮುಖ ಕಾಣದಿದ್ದರೂ ನಗು ಕೇಳುತ್ತಿತ್ತು.

"ನಮ್ಮನೆ ಕೂಗು ಸಾರ್. ಅಪ್ಪ ಅಲ್ಲೂ ಅದನ್ನೇ ಕಲ್ಸವ್ರೆ" ಎಂದಳು ಮುನಿಲಕ್ಷ್ಮಿ, ಕನ್ನಡದಲ್ಲೇ.

ರಾಜಗೋಪಾಲ್ ಕುರ್ಚಿ ಬಿಟ್ಟು ಎದ್ದು ಫೋನಿನ ಮೇಲೆ ಬಗ್ಗಿದ್ದರು. ಸೀರೆ ಎಣಿಸಿ ಬೆಳೆದ ಮನುಷ್ಯ, ಬೆರಳು ತನ್ನಷ್ಟಕ್ಕೆ ಆಡಿತು. "ಒಂದು, ಎರಡು, ಮೂರು..."

"ಸಾರ್, ಎಣಿಸ್ಬ್ಯಾಡಿ" ಎಂದು ಲಕ್ಷ್ಮಕ್ಕ, ಮುನಿಲಕ್ಷ್ಮಿ, ಸೌದಿಯಿಂದ ಸಣ್ಣಯ್ಯ, ಮೂವರೂ ಒಟ್ಟಿಗೆ ಹೇಳಿದರು.

ಅವರು ನಾಲಗೆ ಕಚ್ಚಿಕೊಂಡರು. ಆಮೇಲೆ ನಗತೊಡಗಿದವರು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಹುಡುಗಿ ಓದಲು ಹೊರಟಿರುವುದು ಸ್ಟ್ಯಾಟಿಸ್ಟಿಕ್ಸ್ ಎನ್ನುವುದು ನೆನಪಾಗಿ ಮತ್ತೊಮ್ಮೆ ನಕ್ಕರು. ಪಕ್ಕದ ಇಬ್ಬರನ್ನು ನೋಡಿದರು, ಅವರೂ ತಲೆಯಾಡಿಸಿದರು.

"ಸೋಮವಾರದ ತನಕ ಯಾಕಮ್ಮ. ಇವತ್ತೇ ಕಾಲೇಜಿಗೆ ಕಟ್ಟಿಬಿಡ್ತೀವಿ. ಆದ್ರೆ ಇನ್ನೊಂದ್ಸಲ ಸೂಪರ್‌ವೈಸರ್ ಅನ್ಬೇಡ, ಆಯ್ತಾ?"

ಮುನಿಲಕ್ಷ್ಮಿ ಆಯ್ತು ಎಂದಳು. ಲಕ್ಷ್ಮಕ್ಕನಿಗೆ ಕೈ ಮುಗಿಯಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಕೈ ಮುಗಿದೇ ಒಂದು ಸುತ್ತು ತಿರುಗಿದಳು.

ವಾಪಸು ಬರುವ ಬಸ್ಸಿನಲ್ಲಿ ಈ ಕಥೆ ಕೇಳದವರು ಯಾರೂ ಉಳಿಯಲಿಲ್ಲ. ಮುಂದಿನ ಸೀಟಿನವರಿಗೆ ಹೇಳಿದಳು, ಹಿಂದಿನವರು ಕೇಳಿದರೆಂದು ಮತ್ತೆ ಮೊದಲಿನಿಂದ ಹೇಳಿದಳು. ಕುರಿ ನೆಕ್ಕಿದ ಭಾಗ ಬಂದಾಗಲೆಲ್ಲ ಮುನಿಲಕ್ಷ್ಮಿ ನಾಚಿ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಅಪ್ಪಯ್ಯನಿಗೆ ಮಸ್ಕತ್ತಿಗೆ ಫೋನು ಮಾಡಿ ಹೇಳಿದ್ದಾಯಿತು. ಇನ್ನು ಉಳಿದವಳು ಸತ್ಯಾ. ಲಕ್ಷ್ಮಕ್ಕ ಸ್ವಲ್ಪ ಹಿಂದೆಮುಂದೆ ನೋಡಿದಳು. ಆದರೆ ಇಂಥ ಖುಷಿಯನ್ನು ಮಗಳಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅವಳಿಂದಾಗದ ಕೆಲಸ. ಮಾಡಿಯೇಬಿಟ್ಟಳು.

ಕೊಳತ್ತೂರಿನಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತು ಸತ್ಯಾ ಪೂರಾ ಕೇಳಿದಳು. ಕುರಿ ಓಡಿ ಬಂದದ್ದು ಕೇಳಿ ನಕ್ಕಳು. ಆ ಹುಡುಗಿಗೆ ಒಳ್ಳೇದಾಗಲಿ ಎಂದಳು. ಆಮೇಲೆ ಸುಮ್ಮನಾದಳು. ಬಸ್ಸು ತೊಪ್ಪೂರು ಘಾಟಿ ಹತ್ತಿ ವೇಗ ತಗ್ಗಿಸಿತ್ತು. ಲೈನು ಹೋಯಿತೇನೋ ಎಂದು ಲಕ್ಷ್ಮಕ್ಕ ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

"ಅಮ್ಮ."

"ಏಳವ್ವ."

"ಅದು... ಮದ್ವೆ ಆಗಿ, ಮೀನು ಮಾರ್ಕೊಂಡಿರೋರ್ಗೂ ಕೊಡ್ತಾರಾ?"

ನಲ್ಲಂಪಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಲಕ್ಷ್ಮಕ್ಕ ಮಾತಿಲ್ಲದೆ ಕೂತದ್ದನ್ನು ಕಂಡವರಿಲ್ಲ. ಆವತ್ತು ಮುನಿಲಕ್ಷ್ಮಿ ಕಂಡಳು. ಲಕ್ಷ್ಮಕ್ಕನ ಬಾಯಿ ತೆರೆದೇ ಇತ್ತು, ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂದಿತ್ತು, ಅದನ್ನು ಒರೆಸಿಕೊಳ್ಳಬೇಕು ಎನ್ನುವುದೂ ಅವಳಿಗೆ ತೋಚಲಿಲ್ಲ.

"ಫೋನ್ ಮಡುಗು" ಎಂದಳು ಕೊನೆಗೆ. ಎದ್ದು ನಿಂತು ಸೀಟಿನ ಕಂಬಿ ಬಡಿದಳು. "ಕಂಡಕ್ಟ್ರೇ, ಬಸ್ ನಿಲ್ಸಿ."

"ನಲ್ಲಂಪಳ್ಳಿ ಇನ್ನೂ ದೂರ ಇದೆಯಲ್ಲಮ್ಮ" ಎಂದ ಕಂಡಕ್ಟರ್ ತಮಿಳಿನಲ್ಲಿ.

"ಇರ್ಲಿ. ನಾನ್ ಸೇಲಮ್ಮಿಗೆ ವಾಪಸ್ ಓಗ್ಬೇಕು."

ಮುನಿಲಕ್ಷ್ಮಿಗೆ, ಸೀದಾ ಹಟ್ಟಿಗೆ ಹೋಗಿ ಅಮ್ಮನಿಗೆ ಹೇಳು ಎಂದು ತಾಕೀತು ಮಾಡಿ ಅವಳು ತೊಪ್ಪೂರಿನಲ್ಲಿ ಇಳಿದೇಬಿಟ್ಟಳು. ಬಸ್ಸು ಹೊರಟಾಗ ಹುಡುಗಿ ಕಿಟಕಿಯಿಂದ ತಲೆ ಹಾಕಿ ನೋಡಿದಳು. ಲಕ್ಷ್ಮಕ್ಕ ಆಗಲೇ ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತಿದ್ದಳು. ಸೇಲಂ ಕಡೆಗೆ ಹೋಗುವ ಪ್ರತಿಯೊಂದಕ್ಕೂ, ಬಸ್ಸೋ ಲಾರಿಯೋ ನೋಡದೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಅಲ್ಲಿ ಹೋಗಿ ಏನು ಕೇಳಬೇಕು ಎಂದು ತನಗೆ ತಾನೇ ಒಪ್ಪಿಸಿಕೊಳ್ಳುತ್ತಿದ್ದಳು. ಮಗಳಿಗೆ ಮದುವೆಯಾಗಿದೆ ಸಾರ್, ಮೀನು ಮಾರುತ್ತಾಳೆ, ಅವರಪ್ಪ ಇನ್ನೂ ಮಸ್ಕತ್ತಿನಲ್ಲೇ ಇದ್ದಾನೆ, ಇದ್ದದ್ದು ಇದ್ದಂತೆ ಹೇಳುತ್ತಿದ್ದೇನೆ. ಅದೆಲ್ಲಕ್ಕಿಂತ ಮೊದಲು, ಕೊನೇ ದಿನ ಯಾವತ್ತು ಎಂದು ಕೇಳಬೇಕು.